ಮಗುವಿನ ಹೆಸರೂ ತಂದೆತಾಯಿಗಳ ಹಂಬಲವೂ



ಲೋಕದ ವ್ಯವಹಾರವೆಲ್ಲವೂ ನಾಮರೂಪಗಳನ್ನು ಅವಲಂಬಿಸಿದೆ. ರೂಪವು ಮಗುವಿನೊಡನೆಯೇ ಬರುತ್ತದೆ. ನಾಮವನ್ನು ನಾವು ಕೊಡುತ್ತೇವೆ. ಕೊಡುವಾಗ ಮಗುವಿನ ಒಪ್ಪಿಗೆಯನ್ನು ಕೇಳಲಾಗದು. ಆದುದರಿಂದಲೇ ನಾಮಕರಣವು ಸಂತೋಷದ ಸಮಾರಂಭವಾಗಿರುವಂತೆ ಹೊಣೆಗಾರಿಕೆಯ ಕಾರ್ಯವೂ ಆಗಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ಹಳೆಯ ಹೆಸರುಗಳನ್ನು ಗಮನಿಸಿರಿ. ಪಟ್ಟಣದ ರಂಗನಾಥನಿಂದ ರಂಗಪ್ಪ, ರಂಗಮ್ಮ. ಮೇಲುಕೋಟೆಯ ಚೆಲುವರಾಯನಿಂದ ಚೆಲುವಯ್ಯ, ಚೆಲುವಮ್ಮ. ಆದಿಚುಂಚನಗಿರಿಯ ಭೈರವನಿಂದ ಬೈರಪ್ಪ, ಬೈರೇಗೌಡ. ಶಿವಭಕ್ತರ ಮನೆಗಳಲ್ಲಿ ಮಹದೇವಯ್ಯ, ನಂಜಮ್ಮ, ಬಸವಣ್ಣ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯನೆಂದು ಕರೆಯುವ ರೂಢಿಯೂ ನಾಡಿನಲ್ಲಿತ್ತು. ಹೆಸರು ಕೀಳಾದರೆ ಮೃತ್ಯುವಿನ ಕಣ್ಣು ಬೀಳದೆಂಬುದು ಆ ತಾಯಿಯ ನಂಬಿಕೆ. ಇವೆಲ್ಲದರ ಒಳಗಿದ್ದ ಪ್ರಾರ್ಥನೆ ಒಂದೇ: ಈ ಮಗು ಬದುಕಲಿ.

ಈಗ ಇದೇ ಸೀಮೆಯ ತರುಣ ದಂಪತಿಗಳಲ್ಲಿ ಕೆಲವರು ತೊಟ್ಟಿಲಶಾಸ್ತ್ರಕ್ಕೆ ಮೊದಲೇ ಸಚಿನ್, ಧೋನಿ, ವಿರಾಟ್ ಎಂದು ನಿಶ್ಚಯಿಸಿರುತ್ತಾರೆ. ಅಜ್ಜನ ಮುಖ ಬಾಡುತ್ತದೆ. “ಮನೆದೇವರಿಗಿಂತ ಚೆಂಡುದಾಂಡು ದೊಡ್ಡದಾಯಿತೇ ಬುದ್ಧೀ?” ಎಂದು ನಮ್ಮನ್ನು ಕೇಳುವ ಹಿರಿಯರಿದ್ದಾರೆ. ಈ ನೋವನ್ನು ನಕ್ಕು ತಳ್ಳಿಹಾಕುವುದು ಸಲ್ಲದು.

ಆದರೆ ಹೊಸತು ಎಂಬ ಕಾರಣಕ್ಕೇ ಹೆಸರು ಹೀನವಾಗುವುದೇ? ಇಂದಿನ ಪಾಂಡವಪುರವು ಹಿಂದೆ ಫ್ರೆಂಚ್ ರಾಕ್ಸ್, ಕೃಷ್ಣರಾಜಪೇಟೆಯು ಅತ್ತಿಗುಪ್ಪೆ. ಹೆಸರು ಮಾರ್ಪಟ್ಟರೂ ನೆಲ ಬೆಳೆ ಕೊಡುವುದನ್ನು ಬಿಡಲಿಲ್ಲ. ಸಚಿನ್ ತೆಂಡೂಲ್ಕರರ ಹೆಸರಾದರೂ ಕ್ರೀಡೆಯದಲ್ಲ. ಅವರ ತಂದೆ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ನರ ಮೇಲಿನ ಪ್ರೀತಿಯಿಂದ ಇಟ್ಟದ್ದು. ಸಂಗೀತಗಾರನ ಹೆಸರು ಮೈದಾನಕ್ಕೆ ಬಂದು, ಅಲ್ಲಿಂದ ನಮ್ಮ ಹಳ್ಳಿಗಳ ತೊಟ್ಟಿಲನ್ನು ಸೇರಿತು.

ಇನ್ನೊಂದು ನಿದರ್ಶನವನ್ನು ನೋಡಿರಿ. ಸುನಿಲ್ ಗವಾಸ್ಕರರು 1976ರಲ್ಲಿ ಹುಟ್ಟಿದ ತಮ್ಮ ಮಗನಿಗೆ ರೋಹನ್ ಜೈವಿಶ್ವ ಎಂದು ಹೆಸರಿಟ್ಟರು. ರೋಹನ್ ಕನ್ಹಾಯ್, ಜೈಸಿಂಹ ಹಾಗೂ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್, ಈ ಮೂವರು ಆಟಗಾರರು ಆ ಒಂದು ಹೆಸರಿನಲ್ಲಿದ್ದಾರೆ. ಆಟಗಾರನ ಹೆಸರೆಂದುಕೊಂಡದ್ದರ ಒಳಗೆ ಕಾಶಿಯ ವಿಶ್ವನಾಥನೇ ಕುಳಿತಿದ್ದಾನೆ! ಹೆಸರಿನಿಂದ ದೇವರು ಹೊರಟುಹೋದನೆಂದು ಅಜ್ಜಂದಿರು ಅಷ್ಟು ಬೇಗ ಕಳವಳಪಡಬೇಕಾಗಿಲ್ಲ.

ಆ ಮಗು ಬೆಳೆದು 11 ಏಕದಿನ ಅಂತರರಾಷ್ಟ್ರೀಯ ಪಂದ್ಯಗಳನ್ನು ಆಡಿದರು. ಟೆಸ್ಟ್ ಪಂದ್ಯದ ಅವಕಾಶ ದೊರೆಯಲಿಲ್ಲ. ಇತ್ತ 1992ರಲ್ಲಿ ಹುಟ್ಟಿದ ನಮ್ಮ ಕೆ.ಎಲ್. ರಾಹುಲರ ತಂದೆ ಗವಾಸ್ಕರರ ಅಭಿಮಾನಿ. ಅವರ ಮಗನ ಹೆಸರನ್ನೇ ಇಡಬಯಸಿ, ರೋಹನ್ ಎಂಬುದನ್ನು ರಾಹುಲ್ ಎಂದು ತಪ್ಪು ತಿಳಿದರೆಂಬ ಕಥೆ ಪ್ರಸಿದ್ಧವಾಗಿದೆ. ಆ ರಾಹುಲರು 2014ರಲ್ಲಿ ಟೆಸ್ಟ್ ತಂಡವನ್ನು ಸೇರಿದರು. ಮೂವರು ಮಹನೀಯರ ಹೆಸರು ಟೆಸ್ಟ್ ಪಂದ್ಯವನ್ನು ಕೊಡಿಸಲಿಲ್ಲ. ತಪ್ಪಿ ಬಂದ ಹೆಸರು ಅದನ್ನು ತಡೆಯಲೂ ಇಲ್ಲ. ಹೆಸರಿಗೆ ಆ ಶಕ್ತಿಯಿಲ್ಲ.

ಹಾಗಾದರೆ ದೋಷವೆಲ್ಲಿ? ರಂಗಪ್ಪನೆಂಬ ಬಾಲಕನನ್ನು “ನೀನು ರಂಗನಾಥನಂತೆ ಆಗಲಿಲ್ಲ” ಎಂದು ಯಾರೂ ಜರಿಯುವುದಿಲ್ಲ. ದೇವರ ಹೆಸರು ಅಳತೆಗೆ ಸಿಕ್ಕದು. ಆಟಗಾರನ ಹೆಸರಿನ ಜೊತೆಯಲ್ಲಿಯಾದರೋ ಅಂಕಪಟ್ಟಿಯೂ ಬರುತ್ತದೆ. ಓಟಗಳೆಷ್ಟು, ಶತಕಗಳೆಷ್ಟು ಎಂಬ ಲೆಕ್ಕವು ಹಾಲುಗಲ್ಲದ ಕೂಸಿನ ಹೆಗಲೇರುತ್ತದೆ. ಆ ಬಾಲಕನಿಗೆ ಚೆಂಡಿಗಿಂತ ತಬಲ ಪ್ರಿಯವಾದರೆ? ಅವನ ಕಾಲಿಗೆ ಓಡುವ ಕಸುವು ಇಲ್ಲದಿದ್ದರೆ? ಶಾಲೆಯ ಅಂಗಳದಲ್ಲಿ ಹೆಸರು ಕೂಗಿದಾಗಲೆಲ್ಲ ನಗೆಯೇಳುತ್ತದೆ. ಮನೆಯಲ್ಲಿ ತಂದೆಯೂ “ಎಂಥ ಹೆಸರಿಟ್ಟೆನಲ್ಲ!” ಎಂದು ನಿಟ್ಟುಸಿರುಬಿಟ್ಟರೆ, ಹರಕೆಯಾಗಬೇಕಾದ ಹೆಸರು ಸಾಲವಾಗುತ್ತದೆ. ತಾನು ಮಾಡದ ಸಾಲವನ್ನು ಮಗು ಜೀವಮಾನವಿಡೀ ತೀರಿಸಬೇಕಾಗುತ್ತದೆ.

ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಈ ಹೆಸರುಗಳನ್ನು ಇಂದು ನಾವು ಕೈಮುಗಿದು ಉಚ್ಚರಿಸುತ್ತೇವೆ. ಹುಟ್ಟಿದಾಗ ಅವು ದೊಡ್ಡ ಹೆಸರುಗಳಾಗಿರಲಿಲ್ಲ. ಬಟ್ಟೆ ಒಗೆದು, ಹಗ್ಗ ಹೊಸೆದು, ದೋಣಿ ನಡೆಸಿ ಆ ಶರಣರು ತಮ್ಮ ಹೆಸರುಗಳನ್ನು ದೊಡ್ಡವನ್ನಾಗಿ ಮಾಡಿದರು. ಬದುಕಿನಿಂದ ಹೆಸರಿಗೆ ಬೆಲೆ ಬರುವುದೇ ಹೊರತು ಹೆಸರಿನಿಂದ ಬದುಕಿಗಲ್ಲ.

ಆದುದರಿಂದ ತರುಣ ತಂದೆತಾಯಿಗಳೇ, ನಿಮಗೆ ಪ್ರಿಯನಾದ ಆಟಗಾರನ ಹೆಸರನ್ನು ಇಡಬೇಕೆನಿಸಿದರೆ ಇಡಿರಿ. ಅಜ್ಜಅಜ್ಜಿಯರೊಡನೆ ಕುಳಿತು, ಅವರ ಮನಸ್ಸನ್ನೂ ಕೇಳಿ ಇಡಿರಿ. ಆದರೆ ತೊಟ್ಟಿಲು ತೂಗುವ ಮುನ್ನ ಒಂದು ಸಂಕಲ್ಪವನ್ನು ಕೈಗೊಳ್ಳಿರಿ: ಈ ಹೆಸರಿನ ಲೆಕ್ಕವನ್ನು ಮಗುವಿನಿಂದ ಎಂದೂ ಕೇಳೆವು ಎಂದು. ಆ ಸಂಕಲ್ಪವುಳ್ಳ ಮನೆಯಲ್ಲಿ ಯಾವ ಹೆಸರಾದರೂ ಮಂಗಳಕರವೇ.