ಜಪಸರದ ಹೊತ್ತಿಗೆ ಬರುವ ಕರೆ



ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಬೆಳಗ್ಗೆ 9 ಗಂಟೆಯಾದಾಗ ನಮ್ಮ ವೈಟ್‌ಫೀಲ್ಡಿಗೆ ಸಂಜೆ 7.30. ಅಲ್ಲಿ ಕಚೇರಿ ತೆರೆಯುವ ಹೊತ್ತೇ ಇಲ್ಲಿ ಜಪಸರದ ಹೊತ್ತು, ಊಟದ ಹೊತ್ತು. ಎಲೆಕ್ಟ್ರಾನಿಕ್ ಸಿಟಿಯಿಂದ ದಣಿದು ಬಂದ ಮಗಳು ಹೆಡ್‌ಫೋನ್ ಸಿಕ್ಕಿಸಿಕೊಂಡು ಕೋಣೆ ಸೇರುತ್ತಾಳೆ. ಪೀಣ್ಯದ ಕಾರ್ಮಿಕ ನಾಳಿನ ಪಾಳಿ ತಿಳಿಯಲು ವಾಟ್ಸ್‌ಆ್ಯಪ್ ನೋಡುತ್ತಲೇ ಇರುತ್ತಾನೆ. ಫೋನ್ ಸುಮ್ಮನಿದ್ದರೂ ಮನಸ್ಸು ಅದರ ಸದ್ದಿಗೆ ಕಾದಿರುತ್ತದೆ. ನಿದ್ದೆ ಹತ್ತಿರ ಸುಳಿಯುವುದಿಲ್ಲ.

ಇದನ್ನು ಚಟವೆಂದು ಗದರಿಸುವ ಹಿರಿಯರಿದ್ದಾರೆ. ಅದು ನ್ಯಾಯವಲ್ಲ. ಕರೆ ತೆಗೆಯದಿದ್ದರೆ ಕೆಲಸಕ್ಕೇ ಕುತ್ತು ಎಂಬ ಭಯ ಸುಳ್ಳಲ್ಲ.

ಸಂತ ಮಾರ್ಕನ ಶುಭಸಂದೇಶದ ಮೊದಲ ಅಧ್ಯಾಯ ತೆರೆಯಿರಿ. ಕಫೆರ್ನವುಮಿನಲ್ಲಿ ಸಂಜೆ ಊರಿಗೆ ಊರೇ ಬಾಗಿಲಿಗೆ ಬಂದಿತ್ತು. ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ಜನರೆಲ್ಲ ಹುಡುಕುತ್ತಿದ್ದಾರೆಂದು ಸಿಮೋನ ಬೆನ್ನಟ್ಟಿ ಬಂದ. ಸ್ವಾಮಿ ಅತ್ತ ಮರಳದೆ ಬೇರೆ ಊರುಗಳತ್ತ ನಡೆದರು. ಹುಡುಕಿದವರ ಕಷ್ಟ ನಿಜವೇ ಆಗಿತ್ತು; ಆದರೂ ಆ ದಿನದ ದಾರಿಯನ್ನು ತೀರ್ಮಾನಿಸಿದ್ದು ಅವರ ಕೂಗಲ್ಲ.

ಕರೆ ಮುಗಿಸಿ ಬಂದ ಮಗಳಿಗೆ ಉಪದೇಶ ಬೇಡ, ಬಿಸಿ ಅನ್ನ ಬಡಿಸಿ. ಆ ಅರ್ಧ ಗಂಟೆ ಎಲ್ಲರ ಫೋನೂ ಬೀರುವಿನಲ್ಲಿರಲಿ, ಅಪ್ಪನ ಕ್ರಿಕೆಟ್ಟೂ ಸೇರಿ! ಜಪಸರ ರಾತ್ರಿ 9ಕ್ಕೆ ಆದರೂ ಮಾತೆ ಮರಿಯಮ್ಮನವರು ಬೇಸರಿಸರು.

ಎದೆ ಡವಗುಟ್ಟಿ, ನಿದ್ದೆಯಿಲ್ಲದೆ ವಾರಗಳೇ ಕಳೆದರೆ ವೈದ್ಯರನ್ನು ಕಾಣಿರಿ. ಅದು ವಿಶ್ವಾಸದ ಕೊರತೆಯಲ್ಲ. ಫೋನಿನ ಅತಿಬಳಕೆಯಿಂದ ಬಳಲುವವರಿಗೆಂದೇ ನಿಮ್ಹಾನ್ಸ್ 2014ರಲ್ಲಿ 'ಶಟ್' ಚಿಕಿತ್ಸಾಲಯ ತೆರೆಯಿತು. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನವರು ಹಗಲೂ ರಾತ್ರಿ, ಹಣವಿಲ್ಲದೆ, ಕನ್ನಡದಲ್ಲೇ ಮಾತನಾಡುತ್ತಾರೆ.