ಊರುಗೋಲಿನ ಕರ್ತೃ ಯಾರು?

ಉಪನಯನದಲ್ಲಿ ವಟುವಿನ ಕೈಗೆ ಮುತ್ತುಗದ ದಂಡವನ್ನು ಕೊಡುವುದು ರೂಢಿಯಷ್ಟೆ. ಎಂಟು ವರ್ಷದ ಬಾಲಕನಿಗೆ ಊರುಗೋಲಿನಿಂದ ಆಗಬೇಕಾದುದೇನು? ಅವನವು ಚಿಗರೆಯ ಕಾಲುಗಳು. ಸಂನ್ಯಾಸವನ್ನು ಸ್ವೀಕರಿಸಿದವನ ಕೈಯಲ್ಲಿಯೂ ದಂಡವೇ. ಏಕದಂಡಿಗಳು, ತ್ರಿದಂಡಿಗಳು ಎಂಬ ಹೆಸರುಗಳು ಬಂದುದು ಅದರಿಂದಲೇ. ನಡುವೆ ಕೋಲಿಲ್ಲದೆ ನಡೆಯುವವನು ಗೃಹಸ್ಥನೊಬ್ಬನು. ತಾನು ತನ್ನ ಕಾಲ ಮೇಲೆಯೇ ನಿಂತಿರುವೆನೆಂಬ ನಂಬಿಕೆ ಅವನಿಗೆ.

ಬ್ರಹ್ಮಚಾರಿಯ ದಂಡ ಹೇಗಿರಬೇಕೆಂಬುದಕ್ಕೆ ಮನುಸ್ಮೃತಿಯ 2ನೆಯ ಅಧ್ಯಾಯದಲ್ಲಿ ವಿವರವಿದೆ. ಅದು ನೆಟ್ಟಗಿರಬೇಕು, ಊನವಿಲ್ಲದಿರಬೇಕು, ತೊಗಟೆಯಿಂದ ಕೂಡಿರಬೇಕು, ಬೆಂಕಿ ತಾಗಿರಬಾರದು. ಕಂಡವರಿಗೆ ಭಯವನ್ನು ಹುಟ್ಟಿಸಬಾರದು. ಆ ಗ್ರಂಥದ ಎಷ್ಟೋ ಮಾತುಗಳನ್ನು ಒಪ್ಪದವರೂ ಈ ಕಡೆಯ ಮಾತನ್ನು ಒಪ್ಪಿಯಾರು. ಹಿಡಿದವನ ಮನಸ್ಸಿನಂತೆ ಅದೇ ಕೋಲು ಆಸರೆಯೂ ಆದೀತು, ಆಯುಧವೂ ಆದೀತು.

ಪುಣೆಯಲ್ಲಿ ನೆಲೆಸಿದ ಹಿರಿಯ ಕನ್ನಡಿಗನೊಬ್ಬನು ತನಗಾಗಿ ಊರುಗೋಲೊಂದನ್ನು ಮಾಡಿಕೊಳ್ಳಹೊರಟನೆಂದು ಭಾವಿಸೋಣ. ಸಿಂಹಗಡದ ತಪ್ಪಲಿನಲ್ಲಿ ಗಾಳಿಗೆ ಬಿದ್ದ ಕೊಂಬೆ ಸಿಕ್ಕಿತು. ಹಸಿಮರವನ್ನು ಬಿಸಿಲಿಗಿಟ್ಟರೆ ಬಿರಿಯುತ್ತದೆ. ಆದುದರಿಂದ ಎರಡು ತುದಿಗಳಿಗೂ ಮೇಣ ಬಳಿದು, ನೆರಳಿನಲ್ಲಿಟ್ಟು ತಿಂಗಳುಗಟ್ಟಲೆ ಕಾಯಬೇಕು. ಇಲ್ಲಿಯ ಗುಡ್ಡಗಳ ಕಪ್ಪುಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾರಸ. ಅದರಲ್ಲಿ ಗಾಳಿಗುಳ್ಳೆಗಳ ತೂತುಗಳಿರುವ ತುಂಡು ಅರದಂತೆ ಮರವನ್ನು ಸವೆಸುತ್ತದೆ. ಹೊಳೆಯಲ್ಲಿ ಉರುಳಿ ನುಣುಪಾದ ಕಲ್ಲಿನಿಂದ ತಿಕ್ಕಿದರೆ ಮರದ ಎಳೆಗಳು ಒತ್ತಿಕೊಂಡು ಹೊಳಪೇರುತ್ತದೆ. ಆ ಗುಳ್ಳೆಗಳೊಳಗೆ ಬೆಳೆದ ಬಿಳಿಯ ಜಿಯೊಲೈಟ್ ಹರಳುಗಳಿಗೆ ಪುಣೆ ಪ್ರಸಿದ್ಧವಾದರೂ ಅವು ಬಲು ಪೆಡಸು. ಹಿಡಿಯಲ್ಲಿ ಕೂರಿಸುವುದಕ್ಕೆ ಹೊಳೆಯ ಅಗೇಟೇ ಮೇಲು. ಇನ್ನು ಕೊಂಬೆಯ ಗಂಟು. ಅದನ್ನು ಕೆತ್ತಿ ತೆಗೆಯಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಕೈಗೆ ಹಿಡಿತ ದೊರೆಯುವುದು ಆ ಗಂಟಿನಲ್ಲಿಯೇ.

ಕೋಲು ಸಿದ್ಧವಾದ ದಿನ ‘ಇದು ನಾನು ಮಾಡಿದ್ದು’ ಎಂಬ ಮಾತು ತಾನಾಗಿ ಹೊರಡುತ್ತದೆ. ಈ ಮಾತು ಎಷ್ಟರಮಟ್ಟಿಗೆ ನಿಜ? ಗೀತೆಯ 18ನೆಯ ಅಧ್ಯಾಯವು ಪ್ರತಿಯೊಂದು ಕರ್ಮಕ್ಕೂ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಕೊಂಬೆಯನ್ನು ಬೆಳೆಸಿದ ಮಳೆ, ಅದನ್ನು ಕೆಡವಿದ ಗಾಳಿ, ಕಲ್ಲನ್ನು ಉರುಳಿಸಿ ನಯಗೊಳಿಸಿದ ನೀರು, ಇವು ಯಾವುದೂ ಆ ಹಿರಿಯನ ಅಪ್ಪಣೆಗಾಗಿ ಕಾಯಲಿಲ್ಲ. ಹಾಗಾದರೆ ಅವನ ದುಡಿಮೆ ವ್ಯರ್ಥವೆ? ಅಲ್ಲ. ಗೀತೆಯು ಕರ್ತೃವನ್ನು ಎಣಿಕೆಯಿಂದ ತೆಗೆದುಹಾಕಿಲ್ಲ. ಐವರಲ್ಲಿ ಒಬ್ಬನನ್ನಾಗಿ ಕೂರಿಸಿದೆ, ಅಷ್ಟೆ.

1930ರ ಮಾರ್ಚ್ 12ರಂದು ಸಾಬರಮತಿಯಿಂದ ದಾಂಡಿಗೆ ಹೊರಟ ಗಾಂಧೀಜಿಯ ಕೈಯಲ್ಲಿದ್ದುದು ಕನ್ನಡ ಕರಾವಳಿಯ ಕಡೆಯ ಗಟ್ಟಿಬಿದಿರಿನ ಕೋಲು. ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಕಾಕಾ ಕಾಲೇಲ್ಕರರಿಗೆ ಕೊಟ್ಟಿದ್ದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ್ದ ಕಾಲೇಲ್ಕರರು ಅದನ್ನು ಗಾಂಧೀಜಿಗೆ ಒಪ್ಪಿಸಿದರು. ಅದೇ ವರ್ಷ ಇಬ್ಬರೂ ಇಲ್ಲಿಯ ಯರವಡಾ ಸೆರೆಮನೆಯಲ್ಲಿ ಜೊತೆಗಿದ್ದರು. ಆ ಕೋಲು ಯಾರ ಕೃತಿ? ಕವಿಯದೆ, ತಂದುಕೊಟ್ಟವರದೆ, ಊರಿ ನಡೆದವರದೆ? ಬಿದಿರನ್ನು ಕಡಿದವನ ಹೆಸರನ್ನಂತೂ ಯಾರೂ ಕೇಳಲಿಲ್ಲ.

ಪ್ರತಿವರ್ಷವೂ ಆಳಂದಿಯಿಂದ ಹೊರಟ ಜ್ಞಾನದೇವರ ಪಾದುಕೆಗಳ ಪಾಲಖಿಯು ಭವಾನಿ ಪೇಟೆಯ ವಿಠೋಬನ ಗುಡಿಯಲ್ಲಿ ತಂಗುತ್ತದೆ. ಪುಣೆಯನ್ನು ಬಿಟ್ಟ ದಿನವೇ ದಿವೆಘಾಟದ ಕಡಿದಾದ ಏರು. ನಮ್ಮ ಹಿರಿಯನು ಅಲ್ಲಿಗೆ ದರ್ಶನಕ್ಕೆ ಬಂದಿದ್ದಾನೆ. ಜ್ಞಾನದೇವರೇ ಕನ್ನಡಿಗನೆಂದು ಕರೆದ ವಿಠ್ಠಲನಲ್ಲವೆ! ಬರಿಗಾಲಿನ ಮುದುಕ ವಾರಕರಿಯೊಬ್ಬನು ಕುಂಟುತ್ತ ಬಂದು, ಕೋಲಿನ ಮೇಲೆ ಕೈಯಾಡಿಸಿ, ಚೆನ್ನಾಗಿದೆಯೆಂದು ಹೇಳಿ ಮುಂದೆ ಸಾಗುತ್ತಾನೆ. ಅವನನ್ನು ಹಿಂದಕ್ಕೆ ಕರೆಯಬೇಕೆ? ಹಿರಿಯನ ನಾಲಿಗೆಯನ್ನು ತಡೆಯುತ್ತಿರುವುದು ಮೊಣಕಾಲಿನ ನೋವಲ್ಲ. ಅಂಗಡಿಯಲ್ಲಿ ಕೊಂಡ ಕೋಲಾಗಿದ್ದರೆ ಅವನು ಆಗಲೇ ಕೊಟ್ಟುಬಿಟ್ಟಿರುತ್ತಿದ್ದನು.