ಕೈಗೆ ಎಟುಕುವ ಇಂಜಿನ್

ಹಳೇ ಜೀಪಿನ ಬಾನೆಟ್ ಮಟ್ಟಸ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ, ಯಾವ ಊರಿನ ಬಸ್‌ಸ್ಟ್ಯಾಂಡ್ ಹೊರಗೇ ಆಗಲಿ, ಅದರ ಮೇಲೆ ಕಪ್ಪು-ಬಸಿ ಇಟ್ಟುಕೊಂಡು ತೊಗರಿ ರೇಟಿನ ಮಾತು ನಡೆಸುವವರು ಸಿಗುತ್ತಾರೆ. ಈಗಿನ ಕಾರಿನ ಮೇಲೆ ಹಾಗೆ ಇಟ್ಟರೆ ಕಪ್ಪು ಜಾರುತ್ತದೆ, ಜಾರದಿದ್ದರೆ ಮಾಲೀಕ ಜಗಳಕ್ಕೆ ಬರುತ್ತಾನೆ. ಜೀಪಿನ ಬಾನೆಟ್ಟಿನ ಎರಡೂ ಮಗ್ಗಲಿಗೆ ಒಂದೊಂದು ಕೊಂಡಿ. ಎರಡನ್ನೂ ಬಿಡಿಸಿ, ತಗಡನ್ನೆತ್ತಿ ಮುಂದಿನ ಗಾಜಿಗೆ ಒರಗಿಸಿದರೆ ಇಂಜಿನ್ ಪೂರಾ ಎದುರಿಗೆ ಬರುತ್ತದೆ. ಅದರ ಆಚೀಚೆ ಕೆಳಗಿನ ನೆಲ ಕಾಣುವಷ್ಟು ಜಾಗ. ಯಾವುದು ಪಂಪು, ಯಾವುದು ಡೈನಮೊ, ಯಾವ ಪೈಪು ಎಲ್ಲಿಂದ ಹೊರಟು ಎಲ್ಲಿಗೆ ಸೇರಿದೆ ಎಂಬುದು ಹತ್ತನೇ ಕ್ಲಾಸಿನ ಹುಡುಗನಿಗೂ ತಿಳಿಯುತ್ತದೆ. ನನ್ನ ಬೆರಗು ಶುರುವಾಗುವುದು ಅಲ್ಲಿಂದ. ಏನನ್ನೂ ಬಚ್ಚಿಡದ ಈ ಯಂತ್ರ ಇಷ್ಟು ವರ್ಷ ಹೇಗೆ ಬಾಳಿತು?

ಜೀಪಿನ ತವರು ಅಮೆರಿಕ. ಜೀಪಿನ ನೆಂಟನಾದ ಹಳೇ ಪಿಕಪ್ ಟ್ರಕ್ ಎಂದರೂ ಅಲ್ಲಿನವರಿಗೆ ಇವತ್ತಿಗೂ ಜೀವ. 1925ರಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂದೆ ಒಂದು ತಗಡಿನ ಪೆಟ್ಟಿಗೆ ಕೂಡಿಸಿ 281 ಡಾಲರಿಗೆ ಮಾರಿತು. ಅದಕ್ಕೂ ಮೊದಲು ರೈತರೇ ಕಾರಿನ ಹಿಂಭಾಗ ಕೊಯ್ದು ಹಲಗೆ ಬಡಿದು ಕೆಲಸ ಸಾಗಿಸುತ್ತಿದ್ದರು. ಕಂಪನಿ ಅವರನ್ನು ನೋಡಿ ಕಲಿತದ್ದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಜಾತಿ ನಿಜವಾಗಿ ಬಲಿಯಿತು. ಸೈನ್ಯದ ಡಾಡ್ಜ್ ಗಾಡಿ 1946ರಲ್ಲಿ ಪವರ್ ವ್ಯಾಗನ್ ಎಂಬ ಹೆಸರಿನಲ್ಲಿ ಹೊಲಕ್ಕಿಳಿಯಿತು. 1947ರಲ್ಲಿ ಷೆವ್ರೊಲೆಯ ಹೊಸ ಪಿಕಪ್ ಬಂತು, ಜೀಪು ಮಾಡುತ್ತಿದ್ದ ವಿಲ್ಲಿಸ್ ಕಂಪನಿಯದೂ ಬಂತು. 1948ಕ್ಕೆ ಫೋರ್ಡಿನ ಎಫ್ ಸರಣಿ. ಇವುಗಳಲ್ಲಿ ಎಷ್ಟೋ ಇಂದಿಗೂ ಓಡುತ್ತಿವೆ, ಮತ್ತು ಓಡುತ್ತಿರುವುದು ಹೆಚ್ಚಾಗಿ ಅರಿಜೋನಾ, ನ್ಯೂ ಮೆಕ್ಸಿಕೋಗಳಂಥ ಒಣ ರಾಜ್ಯಗಳಲ್ಲಿ. ಉತ್ತರದ ಹಿಮದ ಸೀಮೆಯಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ತಗಡನ್ನು ತಿಂದು ಹಾಕುತ್ತದೆ. ಈ ಒಣಹವೆಯ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಭೀಮಾ ದಂಡೆಗೂ ಅದು ಬೇಕಾಗುತ್ತದೆ.

ನಮ್ಮ ಕಡೆಗೆ ಈ ಕಬ್ಬಿಣ ಬಂದದ್ದು ಯುದ್ಧದ ಬೆನ್ನಿಗೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ ಹಾದು ಹೈದರಾಬಾದಿನತ್ತ ಸಾಗಿತಲ್ಲ, ಆ ದಂಡಿನಲ್ಲಿದ್ದ ಶೆರ್ಮನ್, ಸ್ಟುವರ್ಟ್ ಟ್ಯಾಂಕುಗಳು ಅಮೆರಿಕದವೇ. ಉಮರ್ಗಾದಿಂದ ಆಳಂದ ಎಷ್ಟರ ದೂರ! ಮಹಾಯುದ್ಧ ಮುಗಿದ ಮೇಲೆ ಅಮೆರಿಕನ್ನರು ಬಿಟ್ಟುಹೋದ ಜೀಪು, ಲಾರಿಗಳನ್ನು ದೇಶದ ತುಂಬ ಹರಾಜಿನಲ್ಲಿ ಮಾರಿದರು. ಡಿಸ್ಪೋಸಲ್ ಗಾಡಿ ಎಂದರೆ ಹಳೇ ಡ್ರೈವರುಗಳಿಗೆ ಇಂದಿಗೂ ತಿಳಿಯುತ್ತದೆ. ಅದೇ ಕಾಲಕ್ಕೆ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಾರಖಾನೆ ಡಾಡ್ಜ್, ಫಾರ್ಗೊ ಲಾರಿಗಳನ್ನು ಜೋಡಿಸತೊಡಗಿತು. ಆ ಕಾರಖಾನೆ ಕಟ್ಟಿದ ವಾಲಚಂದ್ ಹಿರಾಚಂದ್ 1882ರಲ್ಲಿ ಹುಟ್ಟಿದ್ದು ಸೊಲ್ಲಾಪುರದಲ್ಲಿ. 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರಖಾನೆಗೆ ಅಡಿಪಾಯ ಹಾಕಿಸಿದವರೂ ಅವರೇ. ಅಫಜಲಪುರದವರು ಲಗ್ನದ ಜವಳಿಗೆ, ದವಾಖಾನೆಗೆ ಓಡುವ ಊರಿನ ಮಗ ಅಮೆರಿಕದ ಲಾರಿಯನ್ನು ದೇಶಕ್ಕೆ ಹಂಚಿದ ಎಂಬುದು ನಮ್ಮ ಜನಕ್ಕೆ ಗೊತ್ತಿರಬೇಕಾದ ಸಂಗತಿ.

ಕೊನೆಗೆ ನಮ್ಮ ಹೊಲಗಳಲ್ಲಿ ಬೇರು ಬಿಟ್ಟದ್ದು ಜೀಪು. ವಿಲ್ಲಿಸ್ ಕಂಪನಿಯ ಪರವಾನಗಿ ಪಡೆದು ಮಹೀಂದ್ರದವರು ಅದನ್ನು ಮುಂಬಯಿಯಲ್ಲಿ ಮಾಡತೊಡಗಿದರು. ಅದರಲ್ಲೂ ಸಿಜೆ-3ಬಿ ಎಂಬ ಎತ್ತರದ ಬಾನೆಟ್ಟಿನ ಮಾದರಿ. 1953ರಲ್ಲಿ ವಿಲ್ಲಿಸ್‌ನವರು ಹೊಸ ಇಂಜಿನ್ ಹಾಕಲು ಹೋದಾಗ ಅದು ಹಳೇ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಸರಿ, ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. ಚೆಂದದ ಚಿಂತೆ ಮಾಡಲಿಲ್ಲ. ಅಮೆರಿಕದಲ್ಲಿ 1968ಕ್ಕೆ ಈ ಮಾದರಿ ನಿಂತೇಹೋಯಿತು. ಇಲ್ಲಿ ಅದರ ಸಂತಾನ ಹೆಸರು ಬದಲಿಸಿಕೊಳ್ಳುತ್ತ ದಶಕಗಟ್ಟಲೆ ಬೆಳೆಯಿತು. ಅಪ್ಪಟ ಅಮೆರಿಕದ ಪಿಕಪ್ ಕೂಡ ಒಂದು ನಮ್ಮಲ್ಲಿ ತಯಾರಾಗಿದೆ. ವಿಲ್ಲಿಸ್‌ನವರ ಎಫ್‌ಸಿ-150, ಮೂಗೇ ಇಲ್ಲದ ಮೊಂಡು ಮುಖದ ಗಾಡಿ, ಡ್ರೈವರ್ ಇಂಜಿನ್ನಿನ ಮಗ್ಗಲಿಗೇ ಕೂರುವಂಥದ್ದು. 1965ರಿಂದ ಮಹೀಂದ್ರ ಅದನ್ನು ಇಲ್ಲಿ ಮಾಡಿತು. ಅದರ ಮೇಲೆ ತಗಡಿನ ಮನೆ ಕಟ್ಟಿದರೆ ಪೊಲೀಸ್ ವ್ಯಾನು, ಕಟ್ಟದಿದ್ದರೆ ಸಾಮಾನಿನ ಗಾಡಿ. ಬೇಸಿಗೆಯಲ್ಲಿ ಅದರ ಡ್ರೈವರನ ತೊಡೆ ಬೇಯುತ್ತಿತ್ತು, ಅದನ್ನೂ ಹೇಳಿಬಿಡಬೇಕು.

ಪೆಟ್ರೋಲ್ ತುಟ್ಟಿಯಾದಾಗ ಜೀಪಿನ ಹೊಟ್ಟೆಗೆ ಡೀಸೆಲ್ ಇಂಜಿನ್ ಬಂತು. ಮೊದಲು ಬಂದದ್ದು ಇಂಟರ್‌ನ್ಯಾಷನಲ್ ಕಂಪನಿಯ ಇಂಜಿನ್, ಅಂದರೆ ಟ್ರ್ಯಾಕ್ಟರಿನ ನೆಂಟ. ಎಂಬತ್ತರ ದಶಕದಲ್ಲಿ ಫ್ರಾನ್ಸಿನ ಪಿಜೊ ಇಂಜಿನ್ ಬಂತು, 2112 ಸಿಸಿಯದ್ದು. ಮೈ ಅಮೆರಿಕದ್ದು, ಇಂಜಿನ್ ಫ್ರಾನ್ಸಿನದು, ಟೈರು ನಮ್ಮದು. ಈ ಕಲಬೆರಕೆಯನ್ನು ಯಾರೂ ಕೊರತೆ ಎಂದು ಎಣಿಸಲಿಲ್ಲ. ಟ್ರ್ಯಾಕ್ಟರಿನ ಇಂಜಿನ್ ಬಂದದ್ದರಿಂದ ಒಂದು ದೊಡ್ಡ ಉಪಕಾರವಾಯಿತು. ಟ್ರ್ಯಾಕ್ಟರ್ ರಿಪೇರಿ ಮಾಡುವವನು ಇರುವ ಪ್ರತಿ ಹಳ್ಳಿಯಲ್ಲೂ ಜೀಪಿಗೆ ಒಬ್ಬ ವೈದ್ಯ ಸಿಕ್ಕ.

ಈಗ ನೆಲದ ಮಾತು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳದ್ದು ಎರೆ ಭೂಮಿ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಎರಡು ಹದ ಮಳೆ ಬಿದ್ದರೆ ಉಬ್ಬಿ ರಾಡಿಯಾಗಿ ಗಾಲಿಗೆ ಮೆತ್ತುತ್ತದೆ. ಆ ರಾಡಿಯಲ್ಲಿ ಗಾಲಿ ಮಡ್‌ಗಾರ್ಡಿನೊಳಗೇ ಸಿಕ್ಕಿಕೊಂಡು ನಿಲ್ಲುವುದು ಕಾರಿನ ಹಣೆಬರಹ. ಜೀಪಿನ ಮಡ್‌ಗಾರ್ಡ್ ಗಾಲಿಯಿಂದ ಅಷ್ಟು ದೂರ ಇರುತ್ತದೆ, ಕೈ ಹಾಕಿ ಮಣ್ಣು ಕಿತ್ತು ಒಗೆಯಬಹುದು. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗೇರ್ ಹಾಕಿದರೆ ಜೇವರ್ಗಿ ಕಡೆಯ ಹಳ್ಳಗಳನ್ನು ಅದು ಮೆಲ್ಲಗೆ, ಗೊಣಗುತ್ತ ದಾಟುತ್ತದೆ. ಅಡಿಯಲ್ಲಿ ನೇರ ಉಕ್ಕಿನ ಚಾಸಿ, ಅದರ ಕೆಳಗೆ ಒಂದರ ಮೇಲೊಂದು ಪೇರಿಸಿದ ಪಾಟಾ, ಅದಕ್ಕೆ ಕಟ್ಟಿದ ಗಟ್ಟಿ ಆ್ಯಕ್ಸಲ್. ಒಂದು ಪಾಟಾ ಮುರಿದರೆ ಉಳಿದವು ಹೊತ್ತು ಮನೆ ಮುಟ್ಟಿಸುತ್ತವೆ. ಹಳೇ ಪೆಟ್ರೋಲ್ ಇಂಜಿನ್ನಿನೊಳಗೆ ಒತ್ತಡ ಕಡಿಮೆ, ಓಟ ನಿಧಾನ, ಆದ್ದರಿಂದ ಸವೆತವೂ ನಿಧಾನ. ಮಾಡಿದವರು ಅದರಿಂದ ವೇಗವನ್ನು ಕೇಳಲೇ ಇಲ್ಲ. ಇನ್ನು ಹವೆ. ಮಂಗಳೂರಿನ ಕಡಲಗಾಳಿಯಲ್ಲಿ ಬಾಗಿಲ ಅಂಚು ಬೇಗ ತೂತು ಬೀಳುತ್ತದೆ. ಕಲಬುರಗಿಯ ಬಿಸಿಲಿಗೆ ಬಣ್ಣ ಸುಟ್ಟೀತು, ರಬ್ಬರು ಸೀಳೀತು, ಕಬ್ಬಿಣ ಮಾತ್ರ ಗಟ್ಟಿ ಉಳಿಯುತ್ತದೆ. ನಮಗೆ ಶಾಪವೆನಿಸುವ ಬಿಸಿಲು ಈ ಗಾಡಿಗಳಿಗೆ ವರವಾಗಿದೆ.

ಇಷ್ಟೆಲ್ಲ ಕಾರಣ ಹೇಳಿದರೂ ಬೆರಗು ತೀರುವುದಿಲ್ಲ. ಕಬ್ಬಿಣ ಗಟ್ಟಿಯಿದ್ದ ಮಾತ್ರಕ್ಕೆ ಗಾಡಿ ಓಡುವುದಿಲ್ಲ. ಕಲಬುರಗಿಯ ಆಳಂದ ಚೆಕ್‌ಪೋಸ್ಟ್ ಕಡೆ ಒಂದು ಗ್ಯಾರೇಜಿದೆ. ಬೇವಿನ ಗಿಡ, ಅದರ ಕೆಳಗೆ ಎಣ್ಣೆ ಕುಡಿದು ಕರ್ರಗಾದ ನೆಲ, ಗೋಡೆಗೆ ತೂಗುಹಾಕಿದ ಪಾನಾಗಳು. ಅಫಜಲಪುರ ಕಡೆಯ ರೈತರೊಬ್ಬರು ತಮ್ಮ ತಂದೆ ಕೊಂಡಿದ್ದ ಜೀಪನ್ನು ಅಲ್ಲಿ ಬಿಚ್ಚಿಸಿದ್ದರು. ಹಿಂದಿನ ಸೀಟು ಕಿತ್ತು ಸಾಮಾನಿನ ಗಾಡಿ ಮಾಡಿಕೊಂಡಿದ್ದಾರೆ. ರಾಶಿ ಮುಗಿದ ಮೇಲೆ ನೆಹರು ಗಂಜಿಗೆ ತೊಗರಿ ಚೀಲ, ಉಳಿದ ದಿನ ನಿಂಬೆಕಾಯಿ.

"ಉಸ್ತಾದ, ಇದರಾಗ ಮೊದಲಿಂದು ಏನ್ ಉಳದದ?" ಎಂದು ಮೆಕ್ಯಾನಿಕನನ್ನು ಕೇಳಿದೆ.

"ನಂಬರ್ ಉಳದದ ನೋಡ್ರಿ ಸರ," ಎಂದು ನಕ್ಕ ಅವನು.

"ಚಾಸಿ ಅದ ಅಲ್ಲೋ ಮಾರಾಯ," ಎಂದರು ಮಾಲೀಕರು, ಸ್ವಲ್ಪ ನೊಂದವರಂತೆ.

"ಚಾಸಿಗಿ ಎರಡ್ ಕಡಿ ಪಟ್ಟಿ ಹೊಡದೀನಿ ಗೌಡ್ರ. ನಂಬರ್ ಇರೋ ಜಾಗಾ ಒಂದೇ ಮುಟ್ಟಿಲ್ಲ."

ಬಗ್ಗಿ ನೋಡಿದೆ. ಚಾಸಿಯ ಮೇಲೆ ಒಂದು ಗೇಣು ಜಾಗ ಮಾತ್ರ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು. ಆರ್‌ಟಿಒ ಕಚೇರಿಯಲ್ಲಿ ಆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುತ್ತಾರೆ. ಇಂಜಿನ್ ಬದಲಾಗಿದೆ, ಗೇರ್‌ಬಾಕ್ಸ್ ಬದಲಾಗಿದೆ, ಬಾಡಿಯ ತಗಡು ಕಲಬುರಗಿಯಲ್ಲೇ ಕೊಯ್ದು ಬೆಸೆದದ್ದು. ಆದರೂ ಅದು ಅದೇ ಜೀಪು ಎಂದು ಸರ್ಕಾರ ಒಪ್ಪುತ್ತದೆ, ಮಾಲೀಕರು ಒಪ್ಪುತ್ತಾರೆ, ಊರೂ ಒಪ್ಪುತ್ತದೆ. ಹಡಗಿನ ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದರೆ ಅದು ಅದೇ ಹಡಗೇ ಎಂದು ಗ್ರೀಸಿನ ಪಂಡಿತರು ಶತಮಾನಗಟ್ಟಲೆ ವಾದಿಸಿದರಂತೆ. ನಮ್ಮ ಆರ್‌ಟಿಒದಲ್ಲಿ ಒಂದು ಪೆನ್ಸಿಲ್ಲಿನಿಂದ ಆ ವಾದ ಮುಗಿಯುತ್ತದೆ.

ಇಂಥ ಗಾಡಿಯ ಆಯುಷ್ಯ ಕಬ್ಬಿಣದಲ್ಲಿ ಅರ್ಧ, ಅದನ್ನು ಬಿಚ್ಚಬಲ್ಲ ಕೈಗಳಲ್ಲಿ ಇನ್ನರ್ಧ ಎಂದು ನನಗೆ ಖಾತ್ರಿಯಾದದ್ದು ಅಂದು. ಲೇತ್ ಮೇಲೆ ಬುಶ್ ಕಡೆಯುವವನು, ಪಾಟಾ ಕಾಸಿ ಬಗ್ಗಿಸುವವನು, ಸದ್ದು ಕೇಳಿಯೇ ನೋಜಲ್ ಹೋಗಿದೆ ಎನ್ನುವವನು, ಇವರಲ್ಲಿ ಒಬ್ಬ ಇಲ್ಲದಿದ್ದರೂ ಆ ಜೀಪು ಎಂದೋ ಗುಜರಿ ಸೇರುತ್ತಿತ್ತು. ವಿಲ್ಲಿಸ್ ಕಂಪನಿಯ ಇಂಜಿನಿಯರು ರಣರಂಗದಲ್ಲಿ ಸಿಪಾಯಿಯೇ ಬಿಚ್ಚಿ ಕೂಡಿಸಲಿ ಎಂದು ಮಾಡಿದ ಗಾಡಿ ಇದು. ತನ್ನ ಹೆಸರನ್ನೂ ಕೇಳದ ಉಸ್ತಾದನೊಬ್ಬ ಭೀಮಾ ತೀರದಲ್ಲಿ ಅದನ್ನೇ ಬಿಚ್ಚಿ ಕೂಡಿಸುತ್ತಾನೆ ಎಂದು ಅವನಿಗೆ ತಿಳಿದಿರಲಿಲ್ಲ. ಆದರೂ ಇಬ್ಬರ ನಡುವೆ ಒಂದು ನಂಬಿಕೆ ನಡೆದಿದೆ. ಈಗಿನ ಗಾಡಿ ಕೆಟ್ಟರೆ ಒಂದು ದೀಪ ಹತ್ತುತ್ತದೆ. ಯಾಕೆ ಹತ್ತಿತು ಎಂದು ತಿಳಿಯಲು ಎಷ್ಟೋ ಸಲ ಕಂಪನಿಯ ಲ್ಯಾಪ್‌ಟಾಪೇ ಬರಬೇಕು. ಅದನ್ನು ಮಾಡಿದವರು ಕೊಂಡವನನ್ನು ನಂಬಿಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನು ಎನ್ನುವ ಮಾತಿಗೆ ನಾನು ಒಪ್ಪುವವನಲ್ಲ. ನಮ್ಮ ಕಣ್ಣಿಗೆ ಬೀಳುವುದು ಉಳಿದ ಗಾಡಿಗಳು ಮಾತ್ರ. ಕರಗಿ ಕಂಬಿಯಾಗಿ ಯಾರದೋ ಮಾಳಿಗೆಗೆ ಸೇರಿಹೋದ ನೂರಾರು ಜೀಪುಗಳ ಲೆಕ್ಕ ಯಾರೂ ಇಡುವುದಿಲ್ಲ. ಉಳಿದವುಗಳಲ್ಲೂ ಬೆಲ್ಟಿಲ್ಲ, ಬಲೂನಿಲ್ಲ. ಬ್ರೇಕು ಹಿಡಿದರೆ ಹಿಡಿಯಿತು. ಗಾಣಗಾಪುರ ರೋಡ್ ಸ್ಟೇಶನ್ನಿನಲ್ಲಿ ರೈಲು ಇಳಿದ ದತ್ತನ ಭಕ್ತರು ದೇವಸ್ಥಾನದ ತನಕ ಸುಮಾರು 20 ಕಿ.ಮೀ. ಹಾದಿಗೆ ಹತ್ತುತ್ತಿದ್ದ ಜೀಪುಗಳು ನೆನಪಿವೆ. ಒಳಗೆ ಜನ, ಹಿಂದಿನ ಫಳಿಯ ಮೇಲೆ ಜನ, ಡ್ರೈವರನ ಬಲಕ್ಕೂ ಒಬ್ಬ. ಗಾಡಿ ಗಟ್ಟಿ ಎಂಬ ಧೈರ್ಯವೇ ಎಷ್ಟೋ ಜನರ ಜೀವ ತೆಗೆದಿದೆ. ಕಬ್ಬು ಕಡಿಯುವವರನ್ನು, ಹತ್ತಿ ಬಿಡಿಸಲು ಹೋಗುವ ಹೆಣ್ಣುಮಕ್ಕಳನ್ನು ಸಾಮಾನಿನ ಗಾಡಿಯಲ್ಲಿ ನಿಲ್ಲಿಸಿಕೊಂಡು ಹೋಗುವುದು ಇವತ್ತಿಗೂ ನಿಂತಿಲ್ಲ. ಹಳೇ ಡೀಸೆಲ್ ಇಂಜಿನ್ನಿನ ಹೊಗೆಯನ್ನಂತೂ ಯಾವ ಪ್ರೀತಿಯೂ ಬಿಳಿ ಮಾಡಲಾರದು.

ಇನ್ನೊಂದು ಸಂಗತಿ ನೆನೆದರೆ ನಗು ಬರುತ್ತದೆ. 2018ರಲ್ಲಿ ಮಹೀಂದ್ರ ಕಂಪನಿ ಇದೇ ಜೀಪಿನ ವಂಶದ ಗಾಡಿಯೊಂದನ್ನು ರಾಕ್ಸರ್ ಎಂಬ ಹೆಸರಿನಲ್ಲಿ ಅಮೆರಿಕದ ಮಿಚಿಗನ್ ರಾಜ್ಯದ ಆಬರ್ನ್ ಹಿಲ್ಸ್‌ನಲ್ಲಿ ಜೋಡಿಸಿ ಅಲ್ಲಿನ ರೈತರಿಗೆ ಮಾರತೊಡಗಿತು. ಡೀಸೆಲ್ ಇಂಜಿನ್, ಉಕ್ಕಿನ ಬಾಡಿ, ರಸ್ತೆಗೆ ಪರವಾನಗಿ ಇಲ್ಲ, ಹೊಲಕ್ಕೆ ಮಾತ್ರ. ಜೀಪ್ ಹೆಸರಿನ ಆಗಿನ ಒಡೆಯರು ಇದು ನಮ್ಮ ಮುಖದ ನಕಲು ಎಂದು ದಾವೆ ಹೂಡಿದರು. 2020ರಲ್ಲಿ ಅಲ್ಲಿನ ವ್ಯಾಪಾರ ಆಯೋಗ ಮಾರಾಟಕ್ಕೆ ತಡೆ ಹಾಕಿತು, ಮಹೀಂದ್ರ ಮುಖ ಬದಲಿಸಬೇಕಾಯಿತು. ದತ್ತು ಹೋದ ಮಗ ಎಪ್ಪತ್ತು ವರ್ಷದ ಮೇಲೆ ತವರಿಗೆ ಬಂದರೆ ನಿನ್ನ ಮುಖ ನಮ್ಮಪ್ಪನಂತಿದೆ, ಹೊರಗೆ ನಿಲ್ಲು ಎಂದ ಹಾಗಾಯಿತು. ಕಾನೂನಿನ ಪ್ರಕಾರ ಅದು ಸರಿಯೇ ಇದ್ದೀತು. ನನ್ನ ಮನಸ್ಸು ಮಾತ್ರ ಮುಖ ಬದಲಿಸಿಕೊಂಡು ಮತ್ತೆ ಹೊಲಕ್ಕೆ ಇಳಿದ ಗಾಡಿಯ ಕಡೆಗೇ ವಾಲುತ್ತದೆ.

ನಿಮ್ಮ ಹಟ್ಟಿಯ ಹಿಂದೆ ಇಂಥದೊಂದು ನಿಂತಿದ್ದರೆ ಕಿಲೋ ಲೆಕ್ಕದಲ್ಲಿ ಕೊಡುವ ಮುನ್ನ ಒಬ್ಬ ಒಳ್ಳೇ ಉಸ್ತಾದನಿಗೆ ತೋರಿಸಿ. 15 ವರ್ಷ ದಾಟಿದ ಖಾಸಗಿ ಕಾರು, ಜೀಪುಗಳ ನೋಂದಣಿ ನವೀಕರಿಸುವ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5000 ರೂಪಾಯಿಗೆ ಏರಿತ್ತು, ಈಗಿನ ದರವನ್ನು ಆರ್‌ಟಿಒದಲ್ಲಿ ಕೇಳಿ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಇಟ್ಟುಕೊಳ್ಳುವುದೇ ಆದರೆ ಮೊದಲು ಬ್ರೇಕ್ ಮಾಡಿಸಿ, ಬಣ್ಣ ಆಮೇಲೆ. ಹಿಂದೆ ತೊಗರಿ ಹೇರಿ, ಜನರನ್ನು ಹೇರಬೇಡಿ.